ಕೆನೆಸಾ ಬೆಟ್ಟಕ್ಕೆ ಹೋದರೆ ಮೊದಲು ಬೆಟ್ಟ ಹತ್ತಬೇಡಿ

ಪ್ರಶ್ನೆ: ನಾವು ಅಟ್ಲಾಂಟಾ ಹತ್ತಿರದ ಆಲ್ಫರೆಟ್ಟಾದಲ್ಲಿದ್ದೇವೆ. ಗದಗಿನಿಂದ ಅಪ್ಪ-ಅಮ್ಮ ಮೂರು ತಿಂಗಳಿಗೆ ಬಂದಿದ್ದಾರೆ. ಅಪ್ಪ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವರು. ಮಾಲ್‌ಗೆ ಕರೆದುಕೊಂಡು ಹೋದರೆ ಒಳಗೆ ಕಾಲಿಟ್ಟ ತಕ್ಷಣ ಬೆಂಚ್ ಹುಡುಕುತ್ತಾರೆ. ಮೊಣಕಾಲು ನೋವು ಬೇರೆ ಇದೆ. ಮಗನಿಗೆ 11 ವರ್ಷ, ಅವನಿಗೆ ಓಡೋಕೆ ಜಾಗ ಬೇಕು. ಕೆನೆಸಾ ಮೌಂಟನ್ ಯುದ್ಧಭೂಮಿ ಪಾರ್ಕ್‌ಗೆ ಒಂದು ದಿನ ಹೋಗೋಣ ಅಂತಿದ್ದೇವೆ. ಆಫೀಸಿನಲ್ಲಿ ಕೇಳಿದರೆ "ಅಲ್ಲಿ ನೋಡೋಕೆ ಏನಿಲ್ಲ, ಜನ ಜಾಗಿಂಗ್‌ಗೆ ಹೋಗ್ತಾರೆ" ಅಂದರು. ನಿಜಾನಾ? ತಾತ, ಮೊಮ್ಮಗ ಇಬ್ಬರಿಗೂ ಹಿಡಿಸುವ ಹಾಗೆ ನೋಡೋದು ಹೇಗೆ? ಇನ್ನೊಂದು, ಅಷ್ಟು ಜನ ಸತ್ತ ಜಾಗದಲ್ಲಿ ಬುತ್ತಿ ಬಿಚ್ಚಿ ಪಿಕ್ನಿಕ್ ಮಾಡೋದು ಸರೀನಾ ಅಂತ ಅಮ್ಮ ಕೇಳುತ್ತಿದ್ದಾರೆ.

ಉತ್ತರ: ನಿಮ್ಮ ಆಫೀಸಿನವರು ಹೇಳಿದ್ದು ಅರ್ಧ ನಿಜ. ಈ ಪಾರ್ಕ್‌ಗೆ ವರ್ಷಕ್ಕೆ ಸುಮಾರು 20 ಲಕ್ಷ ಜನ ಬರುತ್ತಾರೆ. ಅವರಲ್ಲಿ ಹೆಚ್ಚಿನವರು ಬರೋದು ಬೆವರು ಸುರಿಸೋಕೇ. ವಿಸಿಟರ್ ಸೆಂಟರ್ ಹತ್ತಿರ ಕಾರು ನಿಲ್ಲಿಸಿ, ಬೆಟ್ಟ ಹತ್ತಿ, ತುದಿಯಲ್ಲಿ ಒಂದು ಸೆಲ್ಫಿ ತೆಗೆದು, ಇಳಿದು ಮನೆಗೆ ಹೋಗುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಹಾಗೆ ನೋಡಿದವರಿಗೆ ಅಮೆರಿಕದ ಅಂತರ್ಯುದ್ಧದ ಈ ಕಾಳಗ ಎಲ್ಲಿ ನಡೆಯಿತು ಅನ್ನೋದೇ ಗೊತ್ತಾಗಲ್ಲ. ಯಾಕೆಂದರೆ ದೊಡ್ಡ ಬೆಟ್ಟದ ತುದಿಗೆ ಅವತ್ತು ಯಾರೂ ನುಗ್ಗಿ ಬರಲಿಲ್ಲ. ಅತಿ ಹೆಚ್ಚು ಜನ ಸತ್ತದ್ದು ಅಲ್ಲಿಂದ ಕೆಲವು ಮೈಲಿ ದಕ್ಷಿಣಕ್ಕಿರುವ, ಬೆಟ್ಟ ಅಂತ ಕರೆಯೋಕೂ ಯೋಚಿಸಬೇಕಾದ ಒಂದು ದಿಬ್ಬದ ಮೇಲೆ. ಅದರ ಹೆಸರು ಚೀಥಮ್ ಹಿಲ್.

ಅದಕ್ಕೇ ನನ್ನ ಸಲಹೆ ಒಂದೇ. ಬೆಟ್ಟದಿಂದ ಶುರು ಮಾಡಬೇಡಿ, ದಿಬ್ಬದಿಂದ ಶುರು ಮಾಡಿ. ನಿಮ್ಮ ಅಪ್ಪನ ಮೊಣಕಾಲಿಗೂ ಅದೇ ಒಳ್ಳೆಯದು.

ಮೊದಲು ಕತೆ ಚಿಕ್ಕದಾಗಿ ಹೇಳಿಬಿಡುತ್ತೇನೆ, ಕಾರಿನಲ್ಲಿ ಹೋಗುವಾಗ ಮಗನಿಗೆ ಹೇಳೋಕೆ ಬರುತ್ತೆ. 1864ರ ಮೇ ತಿಂಗಳು, ಅಮೆರಿಕದ ಉತ್ತರದ ರಾಜ್ಯಗಳಿಗೂ ಒಡೆದು ಹೋದ ದಕ್ಷಿಣದ ರಾಜ್ಯಗಳಿಗೂ ಯುದ್ಧ. ಉತ್ತರದ ಕಡೆಯ, ಅಂದರೆ ಯೂನಿಯನ್ ಕಡೆಯ, ಜನರಲ್ ಷರ್ಮನ್ ಸುಮಾರು ಒಂದು ಲಕ್ಷ ಸೈನಿಕರನ್ನು ಕಟ್ಟಿಕೊಂಡು ಟೆನೆಸಿಯ ಚಟನೂಗಾದಿಂದ ಅಟ್ಲಾಂಟಾ ಕಡೆ ಹೊರಟ. ಅವನನ್ನು ತಡೆಯಬೇಕಾದವನು ದಕ್ಷಿಣದ ಕಾನ್ಫೆಡರೇಟ್ ಜನರಲ್ ಜೋಸೆಫ್ ಜಾನ್‌ಸ್ಟನ್. ಅವನ ಹತ್ತಿರ ಜನ ತುಂಬಾ ಕಡಿಮೆ. ಜಾನ್‌ಸ್ಟನ್ ಒಂದು ಒಳ್ಳೆಯ ಜಾಗ ನೋಡಿ ಮಣ್ಣು ತೋಡಿ ಕೂರೋದು, ಷರ್ಮನ್ ನೇರವಾಗಿ ಗುದ್ದದೆ ಪಕ್ಕದಿಂದ ಬಳಸಿಕೊಂಡು ಹಿಂದೆ ಹೋಗೋದು, ಆಗ ಜಾನ್‌ಸ್ಟನ್ ಜಾಗ ಬಿಟ್ಟು ಇನ್ನಷ್ಟು ಹಿಂದೆ ಸರಿದು ಮತ್ತೆ ತೋಡೋದು. ಒಂದೂವರೆ ತಿಂಗಳು ಇದೇ ಆಟ. ಇಬ್ಬರಿಗೂ ಒಂದೇ ರೈಲು ಹಳಿ ಜೀವನಾಡಿ. ವೆಸ್ಟರ್ನ್ ಅಂಡ್ ಅಟ್ಲಾಂಟಿಕ್ ರೈಲ್ವೆ ಅಂತ. ಷರ್ಮನ್‌ಗೆ ಅನ್ನ, ಮದ್ದುಗುಂಡು ಎಲ್ಲ ಬರೋದು ಅದರ ಮೇಲೆಯೇ. ಆ ಹಳಿ ಕೆನೆಸಾ ಬೆಟ್ಟದ ಬುಡ ಸುತ್ತಿಕೊಂಡೇ ಮರಿಯೆಟ್ಟಾ ಕಡೆ ಹೋಗುತ್ತೆ. ಬೆಟ್ಟ ಹಿಡಿದವನ ಕೈಯಲ್ಲಿ ಹಳಿ.

ಜೂನ್‌ನಲ್ಲಿ ಮಳೆ ಹಿಡಿಯಿತು. ರಸ್ತೆಗಳೆಲ್ಲ ಕೆಸರು. ಬಳಸಿ ಹೋಗಬೇಕೆಂದರೆ ಹಳಿ ಬಿಟ್ಟು ದೂರ ಹೋಗಬೇಕು, ಗಾಡಿಗಳು ಹೂತುಹೋಗುತ್ತವೆ. ಷರ್ಮನ್‌ಗೆ ಸಾಕಾಗಿತ್ತು. ಜಾನ್‌ಸ್ಟನ್‌ನ ಸಾಲು ಮೈಲಿಗಟ್ಟಲೆ ಹರಡಿದೆ, ಎಲ್ಲೋ ಒಂದು ಕಡೆ ತೆಳ್ಳಗಿರಲೇಬೇಕು, ನೇರ ಗುದ್ದಿದರೆ ಹರಿಯುತ್ತೆ ಅಂತ ಲೆಕ್ಕ ಹಾಕಿದ. ಜೂನ್ 27ರ ಬೆಳಗ್ಗೆ 200ಕ್ಕೂ ಹೆಚ್ಚು ಫಿರಂಗಿ ಹಾರಿಸಿ ನುಗ್ಗಿಸಿದ. ಮಧ್ಯಾಹ್ನದೊಳಗೆ ಎಲ್ಲ ಮುಗಿದುಹೋಯಿತು. ಯೂನಿಯನ್ ಕಡೆ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಸುಮಾರು 3,000. ಕಾನ್ಫೆಡರೇಟ್ ಕಡೆ ಹೆಚ್ಚೆಂದರೆ 1,000. ಸಾಲು ಹರಿಯಲಿಲ್ಲ.

ಈಗ ಚೀಥಮ್ ಹಿಲ್‌ಗೆ ಬನ್ನಿ.

ಡಲ್ಲಾಸ್ ಹೈವೇಯಿಂದ ಚೀಥಮ್ ಹಿಲ್ ಡ್ರೈವ್ ಅನ್ನೋ ಚಿಕ್ಕ ರಸ್ತೆ ಒಳಗೆ ಹೋಗುತ್ತೆ, ಕೊನೆಯಲ್ಲಿ ಪಾರ್ಕಿಂಗ್. ಅಲ್ಲಿಂದ, ಇಲ್ಲಿ ಹೋರಾಡಿದ ಇಲಿನಾಯ್ ರಾಜ್ಯದ ಯೂನಿಯನ್ ಸೈನಿಕರ ಸ್ಮಾರಕಕ್ಕೆ ಅರ್ಧ ಕಿಲೋಮೀಟರಿಗಿಂತ ಕಡಿಮೆ, ದಾರಿ ಹೆಚ್ಚುಕಡಿಮೆ ಮಟ್ಟಸ. ನಿಮ್ಮ ಅಪ್ಪ ಕೋಲು ಹಿಡಿದು ನಿಧಾನಕ್ಕೆ ನಡೆದು ಬರಬಹುದು. ದಾರಿಯುದ್ದಕ್ಕೂ ಪಕ್ಕದಲ್ಲಿ ಒಂದು ಮಣ್ಣಿನ ಏರಿ ನಿಮ್ಮ ಜೊತೆಗೇ ಬರುತ್ತೆ, ಅದರ ಹಿಂದೆ ತಗ್ಗು. ಎಲೆ ಬಿದ್ದು, ಹುಲ್ಲು ಬೆಳೆದು, ನೋಡಿದರೆ ಏನೂ ಅಲ್ಲ ಅನ್ನಿಸುತ್ತೆ. ಧಾರವಾಡದ ಕಡೆಯ ನನ್ನ ಸೋದರಮಾವನನ್ನು ಒಮ್ಮೆ ಕರೆದುಕೊಂಡು ಹೋಗಿದ್ದೆ. ಅವರು ಐದು ನಿಮಿಷ ಅದನ್ನೇ ನೋಡಿ, "ಏನೋ ಇದು, ನಮ್ಮ ಹೊಲದ ಒಡ್ಡು ಇದ್ದಂಗ ಐತಲ್ಲ!" ಅಂದರು. ನಾನು ನಕ್ಕೆ. ಆದರೆ ಅವರು ಹೇಳಿದ್ದು ಸರಿಯಾಗೇ ಇತ್ತು. ಅದು ಒಡ್ಡೇ. 1864ರಲ್ಲಿ ಕಾನ್ಫೆಡರೇಟ್ ಸೈನಿಕರು ಸಲಿಕೆ ಹಿಡಿದು ಹಾಕಿದ ಒಡ್ಡು. ನಮಗೆ ಯುದ್ಧಭೂಮಿ ಅಂದರೆ ಕಲ್ಲಿನ ಕೋಟೆ, ಬುರುಜು, ಕಂದಕ ಕಣ್ಣ ಮುಂದೆ ಬರುತ್ತೆ. ಶ್ರೀರಂಗಪಟ್ಟಣ ನೋಡಿ ಬೆಳೆದವರು ನಾವು. ಇಲ್ಲಿ ಕಲ್ಲು ಹುಡುಕಬೇಡಿ, ಮಣ್ಣು ನೋಡಿ. ಮಣ್ಣು ಓದೋಕೆ ಒಮ್ಮೆ ಅಭ್ಯಾಸವಾದರೆ ಇಡೀ ಪಾರ್ಕ್ ಬೇರೆಯೇ ಕಾಣುತ್ತೆ.

ಸ್ಮಾರಕ ಸುಮಾರು 25 ಅಡಿ ಎತ್ತರ, ಜಾರ್ಜಿಯಾದ ಅಮೃತಶಿಲೆ. ಈ ಕಾಳಗ ನಡೆದು 50 ವರ್ಷವಾದ ದಿನ, 1914ರ ಜೂನ್ 27ರಂದು, ಅದನ್ನು ಉದ್ಘಾಟಿಸಿದರು. ಅದಕ್ಕಿಂತ ನನಗೆ ಇಷ್ಟವಾದ ವಿಷಯ ಬೇರೆ. 1899ರಲ್ಲಿ ಇಲ್ಲಿ ಹೋರಾಡಿ ಬದುಕುಳಿದಿದ್ದ ಇಲಿನಾಯ್‌ನ ಸೈನಿಕ ಲ್ಯಾನ್ಸಿಂಗ್ ಡಾಡಿ ವಾಪಸ್ ಬಂದು ಈ 60 ಎಕರೆ ಕೊಂಡ. ಇವತ್ತಿನ ಸುಮಾರು 3,000 ಎಕರೆ ಪಾರ್ಕ್ ಹುಟ್ಟಿದ್ದು ಆ 60 ಎಕರೆಯಿಂದ. ಅವನು ಕೊಂಡದ್ದು ಬೆಟ್ಟದ ತುದಿಯನ್ನಲ್ಲ, ಈ ದಿಬ್ಬವನ್ನು. ಯುದ್ಧ ಎಲ್ಲಿ ಆಯಿತು ಅಂತ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ ಹೇಳಿ.

ಸ್ಮಾರಕದ ಹತ್ತಿರ ಅಪ್ಪ-ಅಮ್ಮನನ್ನು ನೆರಳಲ್ಲಿ ಕೂರಿಸಿ, ನೀವು ಮಗನ ಜೊತೆ ಇಳಿಜಾರಿನಲ್ಲಿ ಕೆಳಗಿಳಿಯಿರಿ. ಬಯಲು ದಾಟಿ ಕೆಳಗಿನ ತೊರೆಯವರೆಗೆ ಹೋಗಿ. ಅಲ್ಲಿ ತಿರುಗಿ ನಿಂತು ಮೇಲೆ ನೋಡಿ. ಸ್ಮಾರಕ ಚಿಕ್ಕದಾಗಿ ಕಾಣುತ್ತೆ. ಈಗ ನಡೆಯಿರಿ.

ಇದೇ ನಾನು ಹೇಳಬೇಕಿದ್ದ ವಿಷಯ. ಯೂನಿಯನ್ ಸೈನಿಕರು ಬಂದದ್ದು ಇದೇ ದಿಕ್ಕಿನಿಂದ, ತೊರೆ ದಾಟಿ, ಇದೇ ಏರು ಹತ್ತಿ. ಒಟ್ಟು ಸುಮಾರು 500-600 ಮೀಟರ್. ನಿಮ್ಮ ಮಗ ಓಡಿದರೆ ಐದು ನಿಮಿಷ ಬೇಡ. ಓಡಲಿ ಬಿಡಿ. ಆದರೆ ಅರ್ಧ ದಾರಿಯಲ್ಲಿ ಅವನಿಗೆ ಏದುಸಿರು ಬಂದಾಗ ನಿಲ್ಲಿಸಿ ಕೇಳಿ, ಈಗ ಮೈಮೇಲೆ ಉಣ್ಣೆ ಬಟ್ಟೆ, ಕೈಯಲ್ಲಿ ನಾಲ್ಕು ಕೆಜಿ ಬಂದೂಕು, ಜೂನ್ ತಿಂಗಳ ಧಗೆ, ಮೇಲಿಂದ ಗುಂಡು, ಮುಂದೆ ಕಡಿದು ಹಾಕಿದ ಮರದ ಕೊಂಬೆಗಳು ಮೊನಚು ಮಾಡಿ ನಿನ್ನ ಕಡೆಗೇ ತಿರುಗಿಸಿಟ್ಟಿದ್ದಾರೆ, ಏನು ಮಾಡ್ತೀಯಾ ಅಂತ. ಯಾವ ಮ್ಯೂಸಿಯಂ ಬೋರ್ಡೂ ಇದನ್ನು ಹೇಳೋಕೆ ಆಗಲ್ಲ. ಎದೆ ಬಡಿತ ಹೇಳುತ್ತೆ. ಇತಿಹಾಸ ಒಂದು ಕಡೆ, ವ್ಯಾಯಾಮ ಒಂದು ಕಡೆ ಅಂತ ಜನ ಬೇರೆ ಮಾಡುತ್ತಾರಲ್ವಾ, ಇಲ್ಲಿ ಎರಡೂ ಒಂದೇ. ಈ ಏರು ಹತ್ತದೆ ಈ ಯುದ್ಧ ಅರ್ಥವಾಗಲ್ಲ.

ಸ್ಮಾರಕಕ್ಕೆ ಇನ್ನೇನು 25-30 ಮೀಟರ್ ಇದೆ ಅನ್ನುವಾಗ ಇನ್ನೊಮ್ಮೆ ನಿಲ್ಲಿ. ಕುಳಿತುಕೊಳ್ಳಿ. ಮೇಲಿನ ಒಡ್ಡು ಕಾಣಿಸುತ್ತಾ? ಸರಿಯಾಗಿ ಕಾಣಿಸಲ್ಲ. ನಿಮಗೆ ಅವರು ಕಾಣಿಸದಿದ್ದರೆ ಅವರಿಗೂ ನೀವು ಕಾಣಿಸಲ್ಲ. ಇಲ್ಲೊಂದು ಎಡವಟ್ಟಿದೆ. ಕಂದಕ ತೋಡುವವರು ದಿಬ್ಬದ ನೆತ್ತಿಯಿಂದ ಸ್ವಲ್ಪ ಮುಂದಕ್ಕೆ ಬಂದು, ಇಳಿಜಾರಿನ ಬುಡದವರೆಗೂ ಕಾಣುವ ಕಡೆ ಸಾಲು ಎಳೆಯಬೇಕು. ಇಲ್ಲಿ ಅವಸರದಲ್ಲಿ ನೆತ್ತಿಯ ಮೇಲೆಯೇ ಎಳೆದುಬಿಟ್ಟರು. ಹೊಟ್ಟೆ ಬಂದವರಿಗೆ ನಿಂತಲ್ಲಿ ತಮ್ಮ ಕಾಲ್ಬೆರಳು ಕಾಣಲ್ಲವಲ್ಲ, ಹಾಗೆ ಮೇಲಿದ್ದವರಿಗೆ ಮೂಗಿನ ಕೆಳಗಿನ ಜಾಗ ಕಾಣಲಿಲ್ಲ. ಒಡ್ಡು ಇಲ್ಲಿ ಮೂಲೆಯಾಗಿ ಮುಂದಕ್ಕೆ ಚಾಚಿಕೊಂಡಿರೋದು ಬೇರೆ ಕಷ್ಟ. ಈ ಮೂಲೆಗೆ ಸೈನಿಕರು ಇಟ್ಟ ಹೆಸರು "ಡೆಡ್ ಆಂಗಲ್", ಸಾವಿನ ಮೂಲೆ.

ನುಗ್ಗಿ ಬಂದವರಲ್ಲಿ ಒಡ್ಡು ಮುಟ್ಟಿದವರು ಕೆಲವರೇ. ಮುಂದಾಳು ಕರ್ನಲ್ ಡೇನಿಯಲ್ ಮೆಕುಕ್ ಒಡ್ಡಿನ ಹತ್ತಿರವೇ ಗುಂಡು ತಿಂದು ಬಿದ್ದು, ಜುಲೈ 17ರಂದು ತೀರಿಕೊಂಡ. ಯುದ್ಧಕ್ಕೆ ಮುಂಚೆ ಕಾನ್ಸಾಸ್‌ನಲ್ಲಿ ಷರ್ಮನ್ ಜೊತೆ ಒಂದೇ ಕಚೇರಿಯಲ್ಲಿ ವಕೀಲಿ ಮಾಡಿದ್ದವನು ಅವನು. ಅದೇ ಷರ್ಮನ್ ಕೆಲವು ದಿನಗಳ ನಂತರ ಹೆಂಡತಿಗೆ ಬರೆದ ಕಾಗದದಲ್ಲಿ, ಒಂದೆರಡು ಸಾವಿರ ಜನ ಸಾಯೋದು ಈಗ ನನಗೆ ಸಣ್ಣ ವಿಷಯದಂತೆ ಕಾಣತೊಡಗಿದೆ ಅನ್ನುವ ಅರ್ಥದ ಮಾತು ಬರೆಯುತ್ತಾನೆ. ಈ ಸಾಲು ನೆನಪಾದಾಗೆಲ್ಲ ನನಗೆ ಆ ಮನುಷ್ಯನ ಮೇಲೆ ಏನು ಅಭಿಪ್ರಾಯ ಇಟ್ಟುಕೊಳ್ಳಬೇಕು ಅಂತಲೇ ತಿಳಿಯಲ್ಲ. ನಿಮ್ಮ ಅಪ್ಪನನ್ನು ಕೇಳಿ ನೋಡಿ.

ಉಳಿದವರು? ವಾಪಸ್ ಓಡಿದರೆ ಬಯಲಿನಲ್ಲಿ ಬೆನ್ನಿಗೆ ಗುಂಡು. ಹಾಗಾಗಿ ಆ ಕುರುಡು ಜಾಗದಲ್ಲೇ ನೆಲಕ್ಕೆ ಅಂಟಿಕೊಂಡರು. ಬಯೊನೆಟ್, ತಗಡಿನ ಲೋಟ, ಸಿಕ್ಕಿದ್ದರಲ್ಲಿ ಮಣ್ಣು ಕೆರೆದು ತಮ್ಮ ಮುಂದೆ ಗುಪ್ಪೆ ಮಾಡಿಕೊಂಡರು. ಶತ್ರುವಿನಿಂದ ಒಂದು ಮನೆಯಂಗಳದಷ್ಟು ದೂರದಲ್ಲಿ ಆರು ದಿನ ಕೂತಿದ್ದರು. ಸುಮ್ನೆ ಕೂರಲಿಲ್ಲ, ಒಡ್ಡಿನ ಕೆಳಗೆ ಸುರಂಗ ತೋಡೋಕೆ ಶುರು ಮಾಡಿದರು, ಜುಲೈ 4ರ ಸ್ವಾತಂತ್ರ್ಯ ದಿನಕ್ಕೆ ಮದ್ದು ತುಂಬಿ ಹಾರಿಸಿಬಿಡೋಣ ಅಂತ. ಸುರಂಗದ ಬಾಯಿ ಸ್ಮಾರಕದ ಕೆಳಗೇ ಇದೆ, ಕಲ್ಲಿನ ಕಮಾನು ಕಟ್ಟಿ ಗುರುತು ಮಾಡಿದ್ದಾರೆ. ನಿಮ್ಮ ಮಗ ಅಲ್ಲಿ ಅರ್ಧ ಗಂಟೆ ಕಳೆಯುತ್ತಾನೆ, ನಾನು ಬರೆದುಕೊಡುತ್ತೇನೆ. ಸುರಂಗ ಮುಗಿಯಲಿಲ್ಲ. ಷರ್ಮನ್ ಮತ್ತೆ ಹಳೇ ಆಟಕ್ಕೆ ಹೋಗಿ ಪಕ್ಕದಿಂದ ಬಳಸಿದ, ಜಾನ್‌ಸ್ಟನ್ ಜುಲೈ 2ರ ರಾತ್ರಿ ಸದ್ದಿಲ್ಲದೆ ಜಾಗ ಖಾಲಿ ಮಾಡಿದ. ಅಷ್ಟೇ. ಅಂದರೆ ಜೂನ್ 27ರ ದಾಳಿ ಇಲ್ಲದೆಯೂ ಆಗಬಹುದಾಗಿದ್ದ ಕೆಲಸ.

ಇನ್ನೊಂದು ಸಂಗತಿ ಇದೇ ಸಾಲಿನಲ್ಲಿ ಆಯಿತು. ದಾಳಿ ಮುರಿದ ಮೇಲೆ ಒಡ್ಡಿನ ಮುಂದಿನ ಒಣ ಎಲೆ, ಪೊದೆಗಳಿಗೆ ಬೆಂಕಿ ಹತ್ತಿತು. ಗಾಯಗೊಂಡು ಬಿದ್ದಿದ್ದ ಯೂನಿಯನ್ ಸೈನಿಕರು ಬೆಂಕಿಗೆ ಸಿಕ್ಕರು. ಆಗ ಅರ್ಕನ್ಸಾಸ್ ಪಡೆಯ ಕಾನ್ಫೆಡರೇಟ್ ಅಧಿಕಾರಿ ವಿಲಿಯಂ ಮಾರ್ಟಿನ್ ಬಿಳಿ ಬಟ್ಟೆ ಹಿಡಿದು ಒಡ್ಡು ಹತ್ತಿ ನಿಂತು, ನಿಮ್ಮವರನ್ನು ಎತ್ತಿಕೊಳ್ಳಿ, ಅಲ್ಲಿವರೆಗೆ ನಾವು ಹಾರಿಸಲ್ಲ ಅಂತ ಕೂಗಿದ. ಎರಡೂ ಕಡೆಯವರು ಸೇರಿ ಗಾಯಾಳುಗಳನ್ನು ಎಳೆದು ಹಾಕಿದರು. ಆಮೇಲೆ ಮತ್ತೆ ಯುದ್ಧ. ಎದುರಿನವರ ಕಡೆಯ ಅಧಿಕಾರಿಯೊಬ್ಬ ಅವನಿಗೆ ಒಂದು ಜೊತೆ ಪಿಸ್ತೂಲು ಉಡುಗೊರೆ ಕೊಟ್ಟನಂತೆ. ಜೂನ್ 29ರಂದು ಹೆಣಗಳ ವಾಸನೆ ತಡೆಯಲಾರದೆ ಮತ್ತೊಮ್ಮೆ ಗುಂಡು ನಿಲ್ಲಿಸಿ ಹೂಳಿದರು, ಆ ಹೊತ್ತಿನಲ್ಲಿ ಇಬ್ಬರೂ ಕೂತು ಮಾತಾಡಿದರು.

ಇಂಥ ಕತೆಗಳು ಚೆನ್ನಾಗಿವೆ, ಎಲ್ಲರೂ ಹೇಳುತ್ತಾರೆ. ಆದರೆ ಮಗನಿಗೆ ಹೇಳುವಾಗ ಇದನ್ನೂ ಹೇಳಿ, ಈ ಯುದ್ಧ ಇಬ್ಬರು ಒಳ್ಳೆಯವರ ಜಗಳ ಅಲ್ಲ. ದಕ್ಷಿಣದ ರಾಜ್ಯಗಳು ಒಡೆದು ಹೋದದ್ದು ಗುಲಾಮಗಿರಿ ಉಳಿಸಿಕೊಳ್ಳೋಕೆ. ಜಾನ್‌ಸ್ಟನ್ ಇಲ್ಲಿಂದ ಹಿಂದೆ ಸರಿದು ಸೇರಿಕೊಂಡ ಚಟಹೂಚಿ ನದಿಯ ರಕ್ಷಣಾ ಸಾಲನ್ನು ಕಟ್ಟಿದ್ದೇ ಗುಲಾಮರು. ಬೆಟ್ಟದ ಹೆಸರೂ ಅಷ್ಟೇ, ಚೆರೋಕೀ ಜನರ ಮಾತಿನಿಂದ ಬಂದದ್ದು, ಸಮಾಧಿ ಜಾಗ ಅಂತ ಅರ್ಥ ಹೇಳುತ್ತಾರೆ. ಆ ಚೆರೋಕೀಗಳನ್ನು ಈ ನೆಲದಿಂದ 1838ರಲ್ಲಿ ಓಡಿಸಿದರು. ಯುದ್ಧಕ್ಕೆ ಬರೀ 26 ವರ್ಷ ಮುಂಚೆ.

ಇನ್ನು ಗದಗಿನ ಮೇಷ್ಟ್ರಿಗೆ ಒಂದು ವಿಷಯ. ಇದನ್ನು ಅವರು ಸ್ಮಾರಕದ ನೆರಳಲ್ಲಿ ಕೂತಾಗ ತೆಗೆಯಿರಿ, ಬೆಂಚ್ ಹುಡುಕೋದು ಮರೆಯುತ್ತಾರೆ. ಈ ಯುದ್ಧ ಅವರ ಊರಿನ ಹೊಲಕ್ಕೂ ಬಂದಿತ್ತು. ದಕ್ಷಿಣದವರ ದುಡ್ಡೆಲ್ಲ ಹತ್ತಿಯಲ್ಲಿತ್ತು, ಗುಲಾಮರು ಬಿಡಿಸಿದ ಹತ್ತಿ, ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳು ನಡೆಯುತ್ತಿದ್ದದ್ದೇ ಅದರಿಂದ. 1861ರಲ್ಲಿ ಲಿಂಕನ್ ದಕ್ಷಿಣದ ಬಂದರುಗಳಿಗೆ ಹಡಗು ಅಡ್ಡ ಹಾಕಿದ. ಗಿರಣಿಗಳು ನಿಂತವು. ಇಂಗ್ಲಿಷರು ಹಿಂದುಸ್ತಾನದ ಕಡೆ ತಿರುಗಿದರು. ಧಾರವಾಡ ಸೀಮೆಯಲ್ಲಿ, ಅಂದರೆ ಆಗ ಗದಗೂ ಸೇರಿದ್ದ ಜಿಲ್ಲೆಯಲ್ಲಿ, 1840ರ ದಶಕದಿಂದಲೇ ಅಮೆರಿಕದ ಬೀಜದ ಹತ್ತಿ ಬೆಳೆಯುತ್ತಿದ್ದರು. ಜನ ಅದನ್ನು ವಿಲಾಯ್ತಿ ಹತ್ತಿ ಅನ್ನುತ್ತಿದ್ದರು, ನಮ್ಮದು ಜವಾರಿ ಹತ್ತಿ. ಯುದ್ಧ ಶುರುವಾದ ಮೇಲೆ ಹತ್ತಿಗೆ ಕಂಡು ಕೇಳರಿಯದ ಬೆಲೆ ಬಂತು. ಅದನ್ನು ಸಮುದ್ರಕ್ಕೆ ಸಾಗಿಸೋಕೆ ಕಾರವಾರ ಬಂದರು ಬೇಕು ಅಂತ ಒತ್ತಡ ಬಿದ್ದು, 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಕಿತ್ತು ಬೊಂಬಾಯಿ ಪ್ರಾಂತ್ಯಕ್ಕೆ ಸೇರಿಸಿದರು. ಒಂದು ಜಿಲ್ಲೆಯ ಗಡಿ ಬದಲಾದದ್ದರ ಹಿಂದೆ ಈ ಯುದ್ಧವಿದೆ. 1865ರಲ್ಲಿ ಯುದ್ಧ ಮುಗಿಯಿತು, ಹತ್ತಿ ಬೆಲೆ ಧೊಪ್ಪನೆ ಬಿತ್ತು, ಬೊಂಬಾಯಿಯಲ್ಲಿ ಸಾಹುಕಾರರೆಲ್ಲ ದಿವಾಳಿ ಎದ್ದರು. ಮಾವನಿಗೆ ಇದನ್ನು ಹೇಳಿದಾಗ ಅವರು ಆ ಒಡ್ಡನ್ನು ಮತ್ತೊಮ್ಮೆ ಹೋಗಿ ನೋಡಿಬಂದರು.

ಈಗ ಬೆಟ್ಟ. ದಿಬ್ಬ ನೋಡಿದ ಮೇಲೆ ಬೆಟ್ಟ ಹತ್ತಿದರೆ ಎಲ್ಲ ಕೂಡಿಕೊಳ್ಳುತ್ತೆ. ತುದಿ 1,808 ಅಡಿ. ವಿಸಿಟರ್ ಸೆಂಟರ್‌ನಿಂದ ನಡೆದು ಹತ್ತಿದರೆ ಹೋಗೋಕೆ ಒಂದು ಮೈಲಿ, ಸುಮಾರು 200 ಮೀಟರ್ ಏರು. ಚಾಮುಂಡಿ ಬೆಟ್ಟದ ಮೆಟ್ಟಿಲಿನ ಮುಂದೆ ಏನೂ ಅಲ್ಲ, ಆದರೆ ಮೊಣಕಾಲು ನೋವಿದ್ದವರಿಗೆ ಬೇಡ, ಇಳಿಯುವಾಗ ಕಲ್ಲು ಜಾಸ್ತಿ. ಮೇಲಿನವರೆಗೆ ಡಾಂಬರು ರಸ್ತೆಯೂ ಇದೆ. ಸಾಮಾನ್ಯವಾಗಿ ವಾರದ ದಿನಗಳಲ್ಲಿ ಅದರಲ್ಲಿ ಕಾರು ಬಿಡುತ್ತಾರೆ, ಶನಿವಾರ-ಭಾನುವಾರ ಬಿಡಲ್ಲ. ಹವಾಮಾನ ಕೆಟ್ಟಿದ್ದರೂ ಮುಚ್ಚುತ್ತಾರೆ. ಅಪ್ಪ-ಅಮ್ಮನಿಗೆ ತುದಿ ತೋರಿಸಲೇಬೇಕು ಅಂತಿದ್ದರೆ ಒಂದು ದಿನ ರಜೆ ಹಾಕಿ ಮಂಗಳವಾರವೋ ಬುಧವಾರವೋ ಹೋಗಿ, ಹೊರಡುವ ಮುಂಚೆ ಪಾರ್ಕ್‌ಗೆ ಫೋನ್ ಮಾಡಿ ರಸ್ತೆ ತೆರೆದಿದೆಯಾ ಕೇಳಿ. ಕಾರು ನಿಲ್ಲಿಸಿದ ಮೇಲೂ ತೀರಾ ತುದಿಗೆ ಸ್ವಲ್ಪ ಹತ್ತಬೇಕು. ಅದು ಬೇಡ ಅನ್ನಿಸಿದರೆ ಪಾರ್ಕಿಂಗ್ ಹತ್ತಿರದಿಂದಲೇ ಅಟ್ಲಾಂಟಾ ಕಟ್ಟಡಗಳು ಸಾಲಾಗಿ ಕಾಣುತ್ತವೆ.

ಮೇಲೆ ನಿಂತು ಕೇಳಿಸಿಕೊಳ್ಳಿ, ಸ್ವಲ್ಪ ಹೊತ್ತಿಗೆ ಗೂಡ್ಸ್ ರೈಲಿನ ಕೂಗು ಬರುತ್ತೆ. ಅದೇ ದಾರಿಯ ಹಳಿ, ಇವತ್ತಿಗೂ ಓಡುತ್ತಿದೆ. ಷರ್ಮನ್ ಯಾಕೆ ಈ ಬೆಟ್ಟ ಬಿಟ್ಟು ದಿಬ್ಬ ಹುಡುಕಿಕೊಂಡು ಹೋದ ಅನ್ನೋದು ಕೆಳಗೆ ನೋಡಿದರೆ ಮಗನಿಗೇ ಗೊತ್ತಾಗುತ್ತೆ. ಇಂಥ ಕಡಿದಾದ ಬೆಟ್ಟಕ್ಕೆ ಜನರನ್ನು ಹತ್ತಿಸಿ ಗೆಲ್ಲೋಕಾಗಲ್ಲ. ಪಕ್ಕದ ಲಿಟಲ್ ಕೆನೆಸಾ ಮೇಲೆ ಕಾನ್ಫೆಡರೇಟ್ ಸೈನಿಕರು ರಾತ್ರಿ ಹೊತ್ತು ಕೈಯಲ್ಲೇ ಹಗ್ಗ ಹಿಡಿದು ಫಿರಂಗಿ ಎಳೆದು ಏರಿಸಿದ್ದರು. ಆ ದಾರಿ ನೋಡಿದರೆ ಬರೀ ಮೈ ಹೊತ್ತು ಹೋಗೋದೇ ಸಾಕು ಅನ್ನಿಸುತ್ತೆ.

ಮಗನ ಕಾಲು ಇನ್ನೂ ತಣಿದಿಲ್ಲ ಅಂದರೆ ಬರ್ನ್ಟ್ ಹಿಕರಿ ರಸ್ತೆಯ ಕಡೆಯಿಂದ ಪಿಜನ್ ಹಿಲ್‌ಗೆ ಕರೆದುಕೊಂಡು ಹೋಗಿ. ಅವತ್ತು ಇನ್ನೊಂದು ದಾಳಿ ಆದ ಜಾಗ. ಮನೆ ಗಾತ್ರದ ಬಂಡೆಗಳಿವೆ, ಅದರ ಸಂದಿಯಲ್ಲಿ ನುಸುಳಿ ಹತ್ತಬೇಕು. ಮೇಲಿದ್ದವರು ಬಂಡೆ ಉರುಳಿಸಿ ಬಿಟ್ಟರು ಅಂತ ಹೇಳಿ, ಅವನು ಉಳಿದದ್ದನ್ನು ತಾನೇ ಕಲ್ಪಿಸಿಕೊಳ್ಳುತ್ತಾನೆ. ಪಾರ್ಕ್‌ನಲ್ಲಿ ಒಟ್ಟು 20 ಮೈಲಿಗೂ ಹೆಚ್ಚು ನಡೆಯುವ ದಾರಿ ಇದೆ, ಎಲ್ಲ ಒಂದೇ ದಿನಕ್ಕೆ ಬೇಡ. ದಕ್ಷಿಣದ ತುದಿಯ ಕೋಲ್ಬ್ ಫಾರ್ಮ್, ಅಲ್ಲಿ ಜೂನ್ 22ರಂದು ಕಾದಾಟ ಆಗಿತ್ತು, ಈಗ ಒಂದು ಹಳೇ ಮರದ ಮನೆ ಇದೆ, ಕಾರಿನಿಂದಲೇ ನೋಡಿ ಮುಂದೆ ಹೋದರೂ ನಷ್ಟವಿಲ್ಲ.

ವಿಸಿಟರ್ ಸೆಂಟರ್‌ನಲ್ಲಿ ಮಗನಿಗೆ ಜೂನಿಯರ್ ರೇಂಜರ್ ಪುಸ್ತಕ ಕೇಳಿ ಇಸಿದುಕೊಳ್ಳಿ. ಪ್ರಶ್ನೆಗಳಿಗೆ ಉತ್ತರ ಬರೆದು ತೋರಿಸಿದರೆ ಬ್ಯಾಡ್ಜ್ ಕೊಡುತ್ತಾರೆ. ಪ್ರಮಾಣ ವಚನ ಬೇರೆ ಮಾಡಿಸುತ್ತಾರೆ, ತಾತ ಫೋಟೊ ತೆಗೆಯಲಿ. ಶೌಚಾಲಯಕ್ಕೂ ಅಲ್ಲೇ ಹೋಗಿ ಬನ್ನಿ, ಎಲ್ಲ ಪಾರ್ಕಿಂಗ್‌ನಲ್ಲೂ ಸಿಗುತ್ತೆ ಅಂದುಕೊಳ್ಳಬೇಡಿ. ಕಾರಿಗೆ ದಿನಕ್ಕೆ 5 ಡಾಲರ್ ಆಸುಪಾಸು ಶುಲ್ಕವಿದೆ, ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸ್ ಇದ್ದರೆ ನಡೆಯುತ್ತೆ.

ಅಮ್ಮನ ಪ್ರಶ್ನೆಗೆ ಬರುತ್ತೇನೆ. ಬುತ್ತಿ ಬಿಚ್ಚೋದು ತಪ್ಪಲ್ಲ. ಇದನ್ನು ನಾನು ತುಂಬಾ ಸಲ ಯೋಚಿಸಿದ್ದೇನೆ. ಮೊದಲ ಸಲ ಹೋದಾಗ ಸಾವಿನ ಮೂಲೆಯ ಪಕ್ಕದಲ್ಲೇ ಇಯರ್‌ಫೋನ್ ಹಾಕಿಕೊಂಡು ಓಡುತ್ತಿದ್ದವರನ್ನು ಕಂಡು ಸಿಟ್ಟು ಬಂದಿತ್ತು. ಈಗ ಬರಲ್ಲ. ದಿನಾ ಅಲ್ಲಿ ಓಡುವ ಆ ಜನರೇ ಮರಿಯೆಟ್ಟಾ ಸುತ್ತ ಮನೆಗಳೆದ್ದು ಊರು ಒತ್ತಿಕೊಂಡು ಬರುವಾಗ ಈ ನೆಲ ಉಳಿಯಲಿ ಅಂತ ಬಯಸುವವರು. ಓದೋಕೆ ಬರುವವರಷ್ಟೇ ಬಂದಿದ್ದರೆ ಪಾರ್ಕ್ ಬಿಕೋ ಅನ್ನುತ್ತಿತ್ತು. ಹಾಗಂತ ಎಲ್ಲಿ ಬೇಕಾದರೂ ಚಾಪೆ ಹಾಸಬೇಡಿ. ಪಿಕ್ನಿಕ್‌ಗೆ ಅಂತಲೇ ಜಾಗ, ಮೇಜು ಇವೆ, ಅಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಬಿಚ್ಚಿ. ಸ್ಮಾರಕದ ಕೆಳಗೆ ಒಬ್ಬ ಹೆಸರಿಲ್ಲದ ಸೈನಿಕನ ಗೋರಿ ಇದೆ, ಅಲ್ಲೆಲ್ಲ ಚೆಂಡು ಆಡಬಾರದು ಅನ್ನೋದು ಯಾರೂ ಹೇಳದೆಯೇ ಗೊತ್ತಾಗುತ್ತೆ.

ನಿಜವಾಗಿ ತಪ್ಪು ಅಂದರೆ ಒಡ್ಡಿನ ಮೇಲೆ ಹತ್ತೋದು. ಹೊಲದ ಒಡ್ಡಿನ ಮೇಲೆ ದಿನಾ ಓಡಾಡಿದರೆ ಏನಾಗುತ್ತೆ ಅಂತ ನಿಮ್ಮ ಅಪ್ಪನಿಗೆ ಗೊತ್ತು. 160 ವರ್ಷ ಮಳೆಗೆ ಉಳಿದದ್ದು ಒಂದು ಬೇಸಿಗೆಯ ಬೂಟಿಗೆ ಕುಸಿಯುತ್ತೆ. ಫಿರಂಗಿ ಮೇಲೆ ಮಕ್ಕಳನ್ನು ಕುದುರೆ ಥರ ಕೂರಿಸಿ ಫೋಟೊ ತೆಗೆಯೋದೂ ಬೇಡ. ಮಳೆ ಬಂದ ಮರುದಿನ ಎಲ್ಲಾದರೂ ಸೀಸದ ಗುಂಡು ಕಣ್ಣಿಗೆ ಬಿದ್ದರೆ ಜೇಬಿಗೆ ಹಾಕಿಕೊಳ್ಳಬೇಡಿ. ಇದು ಫೆಡರಲ್ ಕಾನೂನು, ಲೋಹಶೋಧಕ ಕಾರಿನಿಂದ ತೆಗೆಯೋದೇ ಅಪರಾಧ. ಬಿದ್ದಲ್ಲೇ ಬಿಟ್ಟು ರೇಂಜರ್‌ಗೆ ಹೇಳಿ. ಡ್ರೋನ್ ಕೂಡ ಬಿಡುವಂತಿಲ್ಲ.

ಯಾವಾಗ ಹೋಗೋದು? ಎಲ್ಲರೂ ಬಣ್ಣದ ಎಲೆ ನೋಡೋಕೆ ಅಕ್ಟೋಬರ್ ಕೊನೆ, ನವೆಂಬರ್ ಮೊದಲ ವಾರ ಹೋಗುತ್ತಾರೆ. ಚೆನ್ನಾಗಿರುತ್ತೆ, ಪಾರ್ಕಿಂಗ್ ಸಿಗಲ್ಲ. ನಾನೂ ಒಮ್ಮೆ ಶನಿವಾರ ಹನ್ನೊಂದಕ್ಕೆ ಹೋಗಿ, ಮುಕ್ಕಾಲು ಗಂಟೆ ಸುತ್ತಿ, ಮನೆಯವರ ಬೈಗುಳ ತಿಂದು ವಾಪಸ್ ಬಂದಿದ್ದೇನೆ. ರಜಾ ದಿನವಾದರೆ ಬೆಳಗ್ಗೆ ಎಂಟರೊಳಗೆ ಅಲ್ಲಿರಿ. ನನ್ನನ್ನು ಕೇಳಿದರೆ ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಬಿಸಿಲಿರುವ ದಿನ ಅತ್ಯುತ್ತಮ. ಎಲೆ ಉದುರಿ ಕಾಡು ಬತ್ತಲಾಗಿರುತ್ತೆ, ಬೇಸಿಗೆಯಲ್ಲಿ ಹಸಿರಿನಲ್ಲಿ ಮುಚ್ಚಿಹೋಗುವ ಒಡ್ಡುಗಳು ಮರದ ನಡುವೆ ಹಾವಿನ ಥರ ಹರಿದು ಹೋಗೋದು ಆಗಲೇ ಕಾಣೋದು. ಜುಲೈ-ಆಗಸ್ಟ್ ಆದರೆ ಮಧ್ಯಾಹ್ನದ ಒಳಗೆ ಮುಗಿಸಿ. ಧಗೆಗಿಂತ ಸಂಜೆ ಗುಡುಗು ಮಳೆಯ ಭಯ ಜಾಸ್ತಿ, ತುದಿಯಲ್ಲಿ ನಿಂತಿರಬಾರದು.

ಸಂಜೆಗೆ ಶಕ್ತಿ ಉಳಿದಿದ್ದರೆ ಎರಡು ಕಡೆ ಹೋಗಬಹುದು. ಮಗನಿಗೆ ರೈಲು ಹುಚ್ಚಿದ್ದರೆ ಕೆನೆಸಾ ಊರಿನ ಮ್ಯೂಸಿಯಂನಲ್ಲಿ "ಜನರಲ್" ಅನ್ನೋ ಎಂಜಿನ್ ಇದೆ, 1862ರಲ್ಲಿ ಯೂನಿಯನ್ ಗೂಢಚಾರರು ಕದ್ದುಕೊಂಡು ಓಡಿಸಿದ್ದು, ಹಿಂದೆ ಇನ್ನೊಂದು ಎಂಜಿನ್‌ನಲ್ಲಿ ಅಟ್ಟಿಸಿಕೊಂಡು ಬಂದದ್ದು. ಅಪ್ಪನಿಗಾದರೆ ಮರಿಯೆಟ್ಟಾದ ರಾಷ್ಟ್ರೀಯ ಸ್ಮಶಾನ. 10,000ಕ್ಕೂ ಹೆಚ್ಚು ಯೂನಿಯನ್ ಸೈನಿಕರ ಬಿಳಿ ಕಲ್ಲುಗಳು, ಸುಮಾರು 3,000 ಕಲ್ಲುಗಳ ಮೇಲೆ ಹೆಸರಿಲ್ಲ, ಬರೀ ನಂಬರು. ಜಾಗ ಕೊಟ್ಟ ಹೆನ್ರಿ ಕೋಲ್ ಅನ್ನುವವನಿಗೆ ಎರಡೂ ಕಡೆಯವರನ್ನು ಒಟ್ಟಿಗೆ ಮಲಗಿಸುವ ಆಸೆಯಿತ್ತು. ಎರಡೂ ಕಡೆಯವರು ಒಪ್ಪಲಿಲ್ಲ. ಕಾನ್ಫೆಡರೇಟ್ ಸ್ಮಶಾನ ಅದೇ ಊರಿನಲ್ಲಿ ಬೇರೆ ಇದೆ.

ಕೊನೆಯದಾಗಿ ಉಣ್ಣಿ ಹುಳುವಿನ ವಿಷಯ. ಮಲೆನಾಡಿನಲ್ಲಿ ಮಂಗನ ಕಾಯಿಲೆ ತರುತ್ತಲ್ಲ, ಅದರ ಬಳಗ ಇಲ್ಲೂ ಇದೆ, ಇಲ್ಲಿ ಬೇರೆ ಕಾಯಿಲೆ ತರುತ್ತೆ. ಮೂರು ಮೂರು ಎಲೆಯ ಪಾಯ್ಸನ್ ಐವಿ ಬಳ್ಳಿಯನ್ನಂತೂ ಮುಟ್ಟಲೇಬಾರದು, ಮೈ ತುರಿಸಿ ವಾರಗಟ್ಟಲೆ ಕಾಡುತ್ತೆ. ದಾರಿ ಬಿಟ್ಟು ಹುಲ್ಲಿಗೆ ಇಳಿಯದಿದ್ದರೆ ಎರಡರ ಕಾಟವೂ ಅಷ್ಟಿಲ್ಲ. ಆದರೆ ನಿಮ್ಮ ಮಗ ಇಳಿಯುತ್ತಾನೆ. ಹಾಗಾಗಿ ಉದ್ದ ಸಾಕ್ಸ್ ಹಾಕಿಸಿ, ಪ್ಯಾಂಟನ್ನು ಅದರೊಳಗೆ ಸಿಕ್ಕಿಸಿ. ಕಾರು ಹತ್ತುವ ಮುಂಚೆ ಮೊಣಕಾಲಿನ ಹಿಂದೆ, ಸೊಂಟದ ಸುತ್ತ, ಕಿವಿಯ ಹಿಂದೆ ಒಮ್ಮೆ ನೋಡಿ, ಉಣ್ಣಿ ಎಳ್ಳಿನಷ್ಟು ಚಿಕ್ಕದಾಗಿ ಕಪ್ಪಗಿರುತ್ತೆ.